ಮನೆ ಕಂಪ್ಯೂಟರಿಗೆ ಸ್ಪೈವೇರ್ ಕಾವಲು: ಯಾವುದು ಸಾಕು, ಯಾವುದು ದಂಡ?

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕಾ? ಪುಕ್ಕಟೆ ಸಿಗುವ ಇನ್ನೊಂದು ಆಂಟಿವೈರಸ್ ಹಾಕಿಕೊಳ್ಳಬೇಕಾ? ಇಲ್ಲಾ ವರ್ಷಾ ವರ್ಷ ದುಡ್ಡು ಕಟ್ಟಿ ದೊಡ್ಡ ಪ್ಯಾಕೇಜನ್ನೇ ತಗೋಬೇಕಾ? ಕಂಪ್ಯೂಟರ್ ಇರುವ ಮನೆಯಲ್ಲಿ ಈ ಗೊಂದಲ ಒಮ್ಮೆಯಾದರೂ ಬಂದೇ ಬರುತ್ತದೆ. ಸಲಹೆ ಕೊಡೋರಿಗೆ ಬರವಿಲ್ಲ. ಒಬ್ಬರು ‘ಏನೂ ಬೇಡ ಬಿಡಿ’ ಅಂತಾರೆ, ಇನ್ನೊಬ್ಬರು ‘ದುಡ್ಡು ಕೊಟ್ಟದ್ದೇ ಬೇಕು’ ಅಂತಾರೆ. ಇಬ್ಬರ ಮಾತಲ್ಲೂ ಹುರುಳಿರಬಹುದು, ಯಾಕಂದ್ರೆ ಇಬ್ಬರೂ ಕಂಪ್ಯೂಟರ್ ಬಳಸುವ ರೀತಿ ಬೇರೆ ಬೇರೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಯಾವ ಕಂಪನಿಯದು ಅನ್ನೋದಕ್ಕಿಂತ, ಆ ಕಂಪ್ಯೂಟರ್ ಮುಂದೆ ಯಾರು ಕೂರುತ್ತಾರೆ, ಏನೇನು ಒತ್ತುತ್ತಾರೆ ಅನ್ನೋದನ್ನು ನೋಡಿ ಆಯ್ಕೆ ಮಾಡಬೇಕು. ಯಾಕೆ ಅಂತ ತಿಳಿಯೋಕೆ ಸ್ಪೈವೇರ್, ಅಂದರೆ ನಮಗೆ ಗೊತ್ತಾಗದ ಹಾಗೆ ನಮ್ಮ ಮಾಹಿತಿ ಕದಿಯುವ ಪ್ರೋಗ್ರಾಂ, ಈಗ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನೋಡಬೇಕು.

ಈಗಿನ ಸ್ಪೈವೇರ್ ತಂಗುವುದಿಲ್ಲ

ಇಪ್ಪತ್ತು ವರ್ಷದ ಹಿಂದೆ ಸ್ಪೈವೇರ್ ಅಂದರೆ ಬ್ರೌಸರಿನ ಮೇಲ್ಗಡೆ ಬಂದು ಕೂರುವ ಬೇಡದ ಟೂಲ್‌ಬಾರ್, ತಾನಾಗೇ ಬದಲಾಗುವ ಹೋಮ್ ಪೇಜ್, ಸಾಲುಸಾಲು ಜಾಹೀರಾತು. ಬಂದಿದೆ ಅಂತ ಕಣ್ಣಿಗೇ ಕಾಣುತ್ತಿತ್ತು. ಅಂಥವು ಈಗಲೂ ಇವೆ. ಒತ್ತಿದ ಕೀಗಳನ್ನೆಲ್ಲ ಬರೆದಿಡುವ ಕೀಲಾಗರ್, ದೂರದಿಂದಲೇ ಸ್ಕ್ರೀನ್ ನೋಡುವ ಪ್ರೋಗ್ರಾಂಗಳೂ ಇವೆ. ಆದರೆ ಇವತ್ತು ಮನೆ ಕಂಪ್ಯೂಟರಿಗೆ ಜಾಸ್ತಿ ಭಯ ಇರೋದು ‘ಇನ್ಫೋಸ್ಟೀಲರ್’ ಅನ್ನುವ ಜಾತಿಯಿಂದ.

ಇದರ ವರಸೆಯೇ ಬೇರೆ. ಒಂದು ಸಲ ಓಡಿದರೆ ಸಾಕು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕಾರ್ಡ್ ವಿವರ, ಕುಕೀ ಎಲ್ಲ ಬಾಚಿಕೊಂಡು ಕಳಿಸಿಬಿಡುತ್ತದೆ. ಕೆಲಸ ಮುಗಿದ ಮೇಲೆ ಎಷ್ಟೋ ಸಲ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮಾರನೆ ದಿನ ಎಷ್ಟೇ ಸ್ಕ್ಯಾನ್ ಮಾಡಿದರೂ ‘ಏನೂ ಸಿಗಲಿಲ್ಲ’ ಅಂತಲೇ ಬರಬಹುದು. ಕುಕೀ ಕದ್ದರೆ ಏನು ಮಹಾ ಅನ್ನಿಸುತ್ತೆ ಅಲ್ವಾ? ನೀವು ಮೇಲ್‌ಗೆ ಲಾಗಿನ್ ಆಗಿದ್ದೀರಿ ಅನ್ನೋದಕ್ಕೆ ಆ ಕುಕೀಯೇ ಗುರುತಿನ ಚೀಟಿ. ಅದು ಕೈಗೆ ಸಿಕ್ಕಿದವನಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. 2024ರಲ್ಲಿ ಕ್ರೋಮ್ ಈ ಕುಕೀಗಳಿಗೆ ಇನ್ನೊಂದು ಬೀಗ ಹಾಕಿತು. ಸ್ವಲ್ಪ ಸಮಯದಲ್ಲೇ ಅದನ್ನು ತಪ್ಪಿಸುವ ದಾರಿಗಳೂ ಹುಟ್ಟಿಕೊಂಡವು.

ಅಳೆಯುವ ಕೋಲು

ಹಾಗಾಗಿ ನಾನು ಯಾವುದನ್ನೇ ತೂಗುವಾಗಲೂ ಮೊದಲು ಕೇಳೋದು, ಇದು ಓಡುವ ಮುಂಚೆ ತಡೆಯುತ್ತದೋ, ಓಡಿದ ಮೇಲೆ ಗುಡಿಸುತ್ತದೋ ಅಂತ. ಎರಡನೆಯದು, ಈ ಕಾವಲು ಪ್ರೋಗ್ರಾಂ ತಾನೇ ನನ್ನ ಬಗ್ಗೆ ಏನೇನು ಕಲೆಹಾಕುತ್ತದೆ? ಆಂಟಿವೈರಸ್‌ಗೆ ಕಂಪ್ಯೂಟರಿನ ಮೂಲೆಮೂಲೆ ನೋಡುವ ಅಧಿಕಾರ ಇರುತ್ತದೆ. ಈ ಪ್ರಶ್ನೆಯನ್ನು ಜನ ಕೇಳೋದೇ ಕಡಿಮೆ. ಮೂರನೆಯದು ಕಾಟ. ಕಂಪ್ಯೂಟರ್ ನಿಧಾನ ಆಗುತ್ತಾ, ದಿನಾ ‘ಅಪ್‌ಗ್ರೇಡ್ ಮಾಡಿ’ ಅಂತ ಪೀಡಿಸುತ್ತಾ? ಪೀಡಿಸುವ ಪ್ರೋಗ್ರಾಂನ ಎಚ್ಚರಿಕೆಗಳನ್ನು ಜನ ಓದದೆ ಮುಚ್ಚೋಕೆ ಶುರು ಮಾಡುತ್ತಾರೆ. ನಿಜವಾದ ಎಚ್ಚರಿಕೆ ಬಂದಾಗಲೂ ಅದೇ ಅಭ್ಯಾಸ. ಕೊನೆಗೆ ದುಡ್ಡು. ಮೊದಲ ವರ್ಷದ ಬೆಲೆ ಬಿಡಿ, ಎರಡನೇ ವರ್ಷದ್ದನ್ನು ನೋಡಿ.

ಯಾವುದು ಎಷ್ಟು ಹಿಡಿಯುತ್ತದೆ ಅನ್ನೋದನ್ನು ನಾವು ಮನೆಯಲ್ಲಿ ಕೂತು ಪರೀಕ್ಷಿಸೋಕೆ ಆಗಲ್ಲ. ಅದಕ್ಕೇ ಅಂತ ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಎವಿ-ಕಂಪ್ಯಾರಟಿವ್ಸ್ ಅನ್ನುವ ಪರೀಕ್ಷಾ ಸಂಸ್ಥೆಗಳಿವೆ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಈ ಮೂರಕ್ಕೆ ತಲಾ 6ರಂತೆ 18 ಅಂಕ ಇಟ್ಟಿದೆ. ಇಲ್ಲಿ ‘ಬಳಕೆ’ ಅಂದರೆ ಒಳ್ಳೆ ಫೈಲನ್ನು ಕೆಟ್ಟದ್ದು ಅಂತ ಎಷ್ಟು ಸಲ ತಪ್ಪಾಗಿ ಹಿಡಿಯುತ್ತದೆ ಅನ್ನೋದು. ಫಲಿತಾಂಶಗಳು ಅವರ ಸೈಟಿನಲ್ಲೇ ಪುಕ್ಕಟೆ ಓದೋಕೆ ಸಿಗುತ್ತವೆ. ಒಂದೇ ತಿಂಗಳಿನದ್ದು ನೋಡಿ ಮರುಳಾಗಬೇಡಿ, ಒಂದೆರಡು ವರ್ಷದ್ದು ನೋಡಿ. ಮೇಲಿನ ಸಾಲಿನವರ ನಡುವಿನ ಅಂತರ ಎಷ್ಟು ಚಿಕ್ಕದು ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಡಿಫೆಂಡರ್: ಹೆಚ್ಚಿನವರಿಗೆ ಇಷ್ಟು ಸಾಕು

ಡಿಫೆಂಡರ್ ಹುಟ್ಟಿದ್ದೇ ಸ್ಪೈವೇರ್ ಹಿಡಿಯೋಕೆ. 2004ರ ಕೊನೆಯಲ್ಲಿ ಮೈಕ್ರೋಸಾಫ್ಟ್ ‘ಜೈಂಟ್’ ಅನ್ನುವ ಸಣ್ಣ ಕಂಪನಿಯನ್ನು ಕೊಂಡುಕೊಂಡಿತು. ಅವರ ಆಂಟಿಸ್ಪೈವೇರ್ ಪ್ರೋಗ್ರಾಂ ಬೆಳೆದು ಡಿಫೆಂಡರ್ ಆಯಿತು. 2012ರ ವಿಂಡೋಸ್ 8ರ ಹೊತ್ತಿಗೆ ಅದು ಪೂರ್ತಿ ಆಂಟಿವೈರಸ್. ಬಹಳ ಕಾಲ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಆಗಿನ ಅಂಕಗಳೂ ಹಾಗೇ ಇದ್ದವು. ಈಗ ಎವಿ-ಟೆಸ್ಟ್‌ನಲ್ಲಿ ಪೂರ್ತಿ ಅಂಕ ಅಥವಾ ಅದರ ಆಸುಪಾಸು ಬರೋದು ಅದಕ್ಕೆ ಮಾಮೂಲು. ಹಳೆಯ ಅಭಿಪ್ರಾಯ ಮಾತ್ರ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ.

ಮೇಲಿನ ಕೋಲಿಂದ ಅಳೆದರೆ, ಓಡುವ ಮುಂಚೆ ತಡೆಯೋದರಲ್ಲಿ ಚೆನ್ನಾಗಿದೆ. ದುಡ್ಡಿಲ್ಲ. ಏನನ್ನೂ ಮಾರೋಕೆ ಹೊರಡಲ್ಲ. ಮಾಹಿತಿ ಮೈಕ್ರೋಸಾಫ್ಟ್‌ಗೆ ಹೋಗುತ್ತದೆ, ನಿಜ. ವಿಂಡೋಸ್ ಬಳಸುವಾಗ ಅವರನ್ನು ಹೇಗೂ ನಂಬಿಯಾಗಿದೆ, ಹೊಸದಾಗಿ ಇನ್ನೊಬ್ಬರನ್ನು ನಂಬಬೇಕಿಲ್ಲ. ಹಳೆ ಯಂತ್ರದಲ್ಲಿ ಪೂರ್ತಿ ಸ್ಕ್ಯಾನ್ ಮಾಡುವಾಗ ಸ್ವಲ್ಪ ಭಾರ ಅನ್ನಿಸುತ್ತದೆ, ಅಷ್ಟೇ.

ಹಾಗಂತ ಅದನ್ನು ಮುಟ್ಟಲೇಬೇಡಿ ಅಂತಿಲ್ಲ. ‘ವಿಂಡೋಸ್ ಸೆಕ್ಯುರಿಟಿ’ ತೆರೆದು, ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ ಒಳಗೆ ‘ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್’ಗೆ ಹೋಗಿ. ಅಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವ ಸ್ವಿಚ್ ಇದೆ. ಅದರ ಕೆಳಗಿನ ಎರಡು ಚೌಕಗಳಿಗೂ ಗುರುತು ಬಿದ್ದಿರಲಿ. ಪುಕ್ಕಟೆ ಸಾಫ್ಟ್‌ವೇರ್ ಜೊತೆ ಬಾಲ ಹಿಡಿದು ಬರುವ ಜಾಹೀರಾತು ಪ್ರೋಗ್ರಾಂಗಳನ್ನು ಹಿಡಿಯೋದು ಇದೇ. ‘ಟ್ಯಾಂಪರ್ ಪ್ರೊಟೆಕ್ಷನ್’ ಸಹ ಆನ್ ಆಗಿರಬೇಕು. ಇಲ್ಲದಿದ್ದರೆ ಒಳಬಂದ ಪ್ರೋಗ್ರಾಂ ಮೊದಲು ಡಿಫೆಂಡರನ್ನೇ ಮಲಗಿಸಬಹುದು.

ಒಂದು ದೊಡ್ಡ ಷರತ್ತು ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲಿ ಕೆಟ್ಟ ಪ್ರೋಗ್ರಾಂಗಳನ್ನು ಗುರುತಿಸುವ ಡಿಫೆಂಡರಿನ ಪಟ್ಟಿ 2028ರವರೆಗೂ ಅಪ್‌ಡೇಟ್ ಆಗುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಅದನ್ನು ಕೇಳಿ ಸಮಾಧಾನ ಪಡಬೇಡಿ. ವಿಂಡೋಸ್‌ನಲ್ಲೇ ತೂತು ಬಿದ್ದರೆ ಡಿಫೆಂಡರ್ ಅದನ್ನು ಮುಚ್ಚೋಕೆ ಆಗಲ್ಲ, ಬೇರೆ ಯಾವ ಆಂಟಿವೈರಸ್ ಕೈಯಲ್ಲೂ ಆಗಲ್ಲ.

ಪುಕ್ಕಟೆ ಆಂಟಿವೈರಸ್: ಇಲ್ಲಿ ನಿಂತು ಯೋಚಿಸಿ

ಮೊದಲು ಒಂದು ತಪ್ಪು ತಿಳುವಳಿಕೆ. ಬೇರೆ ಆಂಟಿವೈರಸ್ ಹಾಕಿದ ತಕ್ಷಣ ಡಿಫೆಂಡರ್ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಎರಡು ಕಾವಲು ಸಿಗಲ್ಲ, ಒಂದರ ಬದಲು ಇನ್ನೊಂದು ಬರುತ್ತದೆ. ಹಾಗಾಗಿ ‘ಇರಲಿ, ಜೊತೆಗೊಂದು’ ಅಂತ ಹಾಕೋದರಲ್ಲಿ ಅರ್ಥ ಇಲ್ಲ. ಹೊಸದು ಡಿಫೆಂಡರಿಗಿಂತ ನಿಮಗೆ ಏನು ಜಾಸ್ತಿ ಕೊಡುತ್ತದೆ ಅಂತ ಕೇಳಬೇಕು.

ಹಿಡಿಯೋದರಲ್ಲಿ ಪುಕ್ಕಟೆಯವೂ ಕಡಿಮೆ ಇಲ್ಲ. ತೊಡಕಿರೋದು ನಮ್ಮ ಎರಡನೇ ಪ್ರಶ್ನೆಯಲ್ಲಿ, ಅಂದರೆ ಇದು ನಮ್ಮ ಬಗ್ಗೆ ಏನೇನು ಕಲೆಹಾಕುತ್ತದೆ ಅನ್ನೋದರಲ್ಲಿ. ಅವಾಸ್ಟ್ ಕತೆ ಗೊತ್ತಿರಬೇಕು. ಜನ ಯಾವ ಯಾವ ಸೈಟ್ ನೋಡುತ್ತಾರೆ ಅನ್ನೋದನ್ನು ಅದರ ಆಂಟಿವೈರಸ್ ಮತ್ತು ಬ್ರೌಸರ್ ಎಕ್ಸ್‌ಟೆನ್ಷನ್‌ಗಳು (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು) ಕಲೆಹಾಕಿದವು. ‘ಜಂಪ್‌ಶಾಟ್’ ಅನ್ನುವ ಅದರ ಅಂಗಸಂಸ್ಥೆ ಆ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಮಾರಿತು. 2020ರ ಜನವರಿಯಲ್ಲಿ ಸುದ್ದಿ ಹೊರಬಂದು ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಲು ಹೇಳಿ, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರೋದನ್ನೂ ನಿಷೇಧಿಸಿತು. ಸ್ಪೈವೇರ್ ತಡೆಯಲಿ ಅಂತ ಹಾಕಿಕೊಂಡದ್ದೇ ಹೀಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಪುಕ್ಕಟೆ ಕೊಡುವವರೆಲ್ಲ ಹೀಗೇ ಅಂತ ನಾನು ಹೇಳಲ್ಲ. ಆದರೆ ಖರ್ಚು ಎಲ್ಲಿಂದಲೋ ಹುಟ್ಟಬೇಕು. ಕೆಲವರು ದುಡ್ಡಿನ ಆವೃತ್ತಿ ಕೊಳ್ಳಿ ಅಂತ ಹಿಂದೆ ಬೀಳುತ್ತಾರೆ, ಕೆಲವರು ಇನ್‌ಸ್ಟಾಲ್ ಮಾಡುವಾಗ ತಮ್ಮದೇ ಬ್ರೌಸರನ್ನೂ ಸೇರಿಸುತ್ತಾರೆ. ಡಿಫೆಂಡರ್ ಇರುವ ಕಂಪ್ಯೂಟರಿನಲ್ಲಿ ಈ ವ್ಯಾಪಾರ ನನಗೆ ಲಾಭ ಅಂತ ಕಾಣಲ್ಲ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಕೂತಿರುವ ಟ್ರಯಲ್ ಆಂಟಿವೈರಸ್ ಕೂಡ ಇದೇ ಗುಂಪು. ಅವಧಿ ಮುಗಿದ ಮೇಲೆ ಎಷ್ಟೋ ಜನ ಅದನ್ನು ಹಾಗೇ ಬಿಟ್ಟಿರುತ್ತಾರೆ. ಒಂದೋ ದುಡ್ಡು ಕಟ್ಟಿ, ಇಲ್ಲಾ ತೆಗೆದುಹಾಕಿ. ತೆಗೆದ ಮೇಲೆ ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಎದ್ದು ಕೂತಿದೆಯಾ ಅಂತ ನೋಡಿ.

ದುಡ್ಡು ಕೊಡುವುದಾದರೆ ಯಾತಕ್ಕೆ?

ಬಿಟ್‌ಡಿಫೆಂಡರ್, ಇಸೆಟ್, ನಾರ್ಟನ್‌ನಂಥವು ಪರೀಕ್ಷೆಗಳಲ್ಲಿ ಒಳ್ಳೆ ಅಂಕ ತೆಗೆಯುತ್ತವೆ. ಆದರೆ ಸ್ಪೈವೇರ್ ಹಿಡಿಯೋದೊಂದಕ್ಕೇ ಅಂತ ದುಡ್ಡು ಕೊಡೋದಾದರೆ ಸಿಗುವ ಹೆಚ್ಚುವರಿ ಲಾಭ ತೆಳು. ಬೇರೆ ಕೆಲವು ಕಾರಣಗಳಿಗೆ ಮಾತ್ರ ಕೊಡಬಹುದು. ದೂರದಲ್ಲಿರುವ ವಯಸ್ಸಾದ ಅಪ್ಪ ಅಮ್ಮನ ಕಂಪ್ಯೂಟರ್ ಹೇಗಿದೆ ಅಂತ ನೀವು ಕೂತಲ್ಲಿಂದಲೇ ನೋಡಬೇಕು ಅಂದರೆ ಕೆಲವು ಪ್ಯಾಕೇಜ್‌ಗಳಲ್ಲಿ ಅದಕ್ಕೆ ಒಂದೇ ಪುಟ ಇರುತ್ತದೆ. ಮಕ್ಕಳ ಬಳಕೆಗೆ ಮಿತಿ ಹಾಕಬೇಕು, ವಿಂಡೋಸ್ ಮ್ಯಾಕ್ ಎರಡೂ ಇವೆ, ತೊಂದರೆ ಆದರೆ ಫೋನ್ ಮಾಡೋಕೆ ಒಬ್ಬರು ಬೇಕು ಅಂದರೂ ಸರಿ.

ಕೊಳ್ಳುವಾಗ ಆಟೋ ರಿನ್ಯೂವಲ್ ಸ್ವಿಚ್ ಎಲ್ಲಿದೆ ಅಂತ ಅದೇ ದಿನ ಹುಡುಕಿ. ಮೊದಲ ವರ್ಷ ಭಾರೀ ರಿಯಾಯಿತಿ ಕೊಟ್ಟು ಎರಡನೇ ವರ್ಷ ಪೂರ್ತಿ ಬೆಲೆ ಎಳೆದುಕೊಳ್ಳೋದು ಈ ವ್ಯಾಪಾರದ ಹಳೆ ಚಾಳಿ. ಜೊತೆಗೆ ಬರುವ ವಿಪಿಎನ್ (ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಸೇವೆ) ನೋಡಿ ಮನಸ್ಸು ಕರಗಬೇಡಿ. ಬ್ರೌಸರಿನ ಕುಕೀ ಕದಿಯುವ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನ ಒಳಗೇ ಇದ್ದರೆ ವಿಪಿಎನ್ ಏನೂ ಮಾಡಲ್ಲ.

ಎರಡನೇ ಅಭಿಪ್ರಾಯಕ್ಕೆ

ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿ, ಅದೇ ಕಂಪನಿಯ ಆ್ಯಡ್‌ಡಬ್ಲ್ಯುಕ್ಲೀನರ್, ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇವೆಲ್ಲ ಓಡಿಸಿದಾಗ ಮಾತ್ರ ಕೆಲಸ ಮಾಡುತ್ತವೆ. ಗುಡಿಸುವ ಪೈಕಿ. ಅನುಮಾನ ಬಂದಾಗ ಒಂದು ಸಲ ಓಡಿಸೋಕೆ ಚೆನ್ನ, ಡಿಫೆಂಡರ್ ಜೊತೆ ಜಗಳ ಆಡಲ್ಲ. ಸೇಫ್ಟಿ ಸ್ಕ್ಯಾನರ್ ಇಳಿಸಿಕೊಂಡು 10 ದಿನಕ್ಕೆ ಹಳತಾಗುತ್ತದೆ, ಬೇಕಾದಾಗ ಹೊಸದಾಗಿ ಇಳಿಸಬೇಕು. ಇವನ್ನೇ ನಂಬಿ ಕೂರೋ ಹಾಗಿಲ್ಲ, ಅಷ್ಟೇ. ಒಂದೇ ಒಂದು ಫೈಲ್ ಬಗ್ಗೆ ಅನುಮಾನ ಇದ್ದರೆ ವೈರಸ್‌ಟೋಟಲ್ ಸೈಟಿಗೆ ಹಾಕಿ ನೋಡಬಹುದು, ಹತ್ತಾರು ಎಂಜಿನ್‌ಗಳು ಒಟ್ಟಿಗೆ ಪರೀಕ್ಷಿಸುತ್ತವೆ. ಸ್ವಂತ ದಾಖಲೆಗಳನ್ನು ಮಾತ್ರ ಅಲ್ಲಿ ಹಾಕಬೇಡಿ. ಹಾಕಿದ ಫೈಲನ್ನು ಭದ್ರತಾ ಕಂಪನಿಗಳ ಜೊತೆ ಅವರು ಹಂಚಿಕೊಳ್ಳುತ್ತಾರೆ.

ಬ್ರೌಸರ್: ನಿಜವಾದ ಹೆಬ್ಬಾಗಿಲು

ಆಂಟಿವೈರಸ್ ಆರಿಸೋಕೆ ಒಂದು ವಾರ ತಲೆಕೆಡಿಸಿಕೊಂಡವರು ಬ್ರೌಸರಿಗೆ ಐದು ನಿಮಿಷ ಕೊಡಲ್ಲ. ಸ್ಪೈವೇರ್ ಹೆಚ್ಚಾಗಿ ಬರೋದು ಅಲ್ಲಿಂದಲೇ. ಯಾವುದೋ ಪ್ರೋಗ್ರಾಂ ಹೆಸರು ಟೈಪ್ ಮಾಡಿ ಹುಡುಕುತ್ತೀರಿ. ಮೊದಲ ಸಾಲಿನಲ್ಲಿ ಬರುವುದು ಜಾಹೀರಾತು, ನೋಡೋಕೆ ಅಸಲಿ ಸೈಟಿನ ಹಾಗೇ ಇರುತ್ತದೆ, ಡೌನ್‌ಲೋಡ್ ಬಟನ್ನೂ ಅದೇ ಬಣ್ಣ. 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಇದರ ಬಗ್ಗೆ ಎಚ್ಚರಿಸಿ, ಹುಡುಕಾಟ ಮಾಡುವಾಗ ಆ್ಯಡ್ ಬ್ಲಾಕರ್ ಬಳಸಿ ಅಂತಲೇ ಸಲಹೆ ಕೊಟ್ಟಿತು.

ಯುಬ್ಲಾಕ್ ಒರಿಜಿನ್ ಅನ್ನುವ ಆ್ಯಡ್ ಬ್ಲಾಕರ್ ಪುಕ್ಕಟೆ, ಹಗುರ, ಮಾರೋಕೆ ಏನೂ ಇಟ್ಟುಕೊಂಡಿಲ್ಲ. ಫೈರ್‌ಫಾಕ್ಸ್‌ನಲ್ಲಿ ಅದರ ಪೂರ್ತಿ ಆವೃತ್ತಿ ಓಡುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮ ಬದಲಾಯಿಸಿದ ಮೇಲೆ ಅಲ್ಲಿ ‘ಯುಬ್ಲಾಕ್ ಒರಿಜಿನ್ ಲೈಟ್’ ಮಾತ್ರ. ಲೈಟ್ ಕೂಡ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಪೂರ್ತಿ ಬಲ ಬೇಕು ಅಂದರೆ ಫೈರ್‌ಫಾಕ್ಸ್‌ಗೆ ಹೋಗಿ.

ಎಕ್ಸ್‌ಟೆನ್ಷನ್ ವಿಷಯದಲ್ಲಿ ಜಿಪುಣರಾಗಿ. ‘ಎಲ್ಲ ಸೈಟ್‌ಗಳಲ್ಲಿನ ನಿಮ್ಮ ಮಾಹಿತಿ ಓದಲು, ಬದಲಿಸಲು’ ಅನುಮತಿ ಕೇಳುವ ಎಕ್ಸ್‌ಟೆನ್ಷನ್ ಮನಸ್ಸು ಮಾಡಿದರೆ ತಾನೇ ಸ್ಪೈವೇರ್ ಆಗಬಹುದು. ಇವತ್ತು ಒಳ್ಳೆಯವರ ಕೈಯಲ್ಲಿ ಇದ್ದದ್ದು ನಾಳೆ ಮಾರಾಟವಾಗಿ ಬೇರೆಯವರ ಕೈ ಸೇರಬಹುದು, ನಿಮಗೆ ಗೊತ್ತೂ ಆಗಲ್ಲ. ಬಳಸದಿರೋದನ್ನು ಈಗಲೇ ಕಿತ್ತುಹಾಕಿ.

ಇನ್ನೊಂದು ಮೋಸ ಹತ್ತಿರದಿಂದ ನೋಡಬೇಕು, ಯಾಕಂದ್ರೆ ಇದನ್ನು ಯಾವ ಆಂಟಿವೈರಸ್ ಕೂಡ ಪ್ರತಿ ಸಲ ತಡೆಯುತ್ತದೆ ಅನ್ನೋಕಾಗಲ್ಲ. ಒಂದು ಪುಟ ತೆರೆಯುತ್ತೀರಿ. ‘ನಾನು ರೋಬಾಟ್ ಅಲ್ಲ’ ಅನ್ನುವ ಪರಿಚಯದ ಚೌಕ. ಒತ್ತಿದರೆ ಮೂರು ಹಂತ ಬರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಚೌಕ ಒತ್ತಿದಾಗಲೇ ಆ ಪುಟ ಒಂದು ಆಜ್ಞೆಯನ್ನು ಸದ್ದಿಲ್ಲದೆ ಕಾಪಿ ಮಾಡಿಟ್ಟಿರುತ್ತದೆ. ಮೊದಲ ಹಂತದಲ್ಲಿ ‘ರನ್’ ಡಬ್ಬಿ ತೆರೆಯಿತು, ಎರಡನೆಯದರಲ್ಲಿ ಆಜ್ಞೆ ಅಂಟಿತು, ಮೂರನೆಯದರಲ್ಲಿ ಓಡಿತು. ಇನ್ಫೋಸ್ಟೀಲರನ್ನು ನೀವೇ ಕೈಯಾರೆ ಕರೆತಂದಂತಾಯಿತು. 2024ರಿಂದ ಈ ತಂತ್ರ ತುಂಬ ಹಬ್ಬಿದೆ, ‘ಕ್ಲಿಕ್‌ಫಿಕ್ಸ್’ ಅಂತ ಇದರ ಹೆಸರು. ಯಾವ ಅಸಲಿ ಪರೀಕ್ಷೆಯೂ ಬ್ರೌಸರಿನ ಹೊರಗೆ ಏನನ್ನೂ ಅಂಟಿಸಿ ಅಂತ ಕೇಳಲ್ಲ. ಮನೆಯವರಿಗೆ ಬೇರೇನು ಹೇಳದಿದ್ದರೂ ಇದೊಂದನ್ನು ಹೇಳಿ.

ಬೇರೆ ಬೇರೆ ಅಕೌಂಟ್

‘ಅಡ್ಮಿನ್ ಅಕೌಂಟ್‌ನಲ್ಲಿ ದಿನನಿತ್ಯದ ಕೆಲಸ ಮಾಡಬೇಡಿ’ ಅನ್ನುವ ಸಲಹೆ ಹಳೆಯದು, ಒಳ್ಳೆಯದು. ಅಡ್ಮಿನ್ ಅಂದರೆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸುವ ಅಧಿಕಾರ ಇರುವ ಅಕೌಂಟ್. ಆದರೆ ಅದರ ಮಿತಿ ಯಾರೂ ಹೇಳಲ್ಲ. ಸಾಮಾನ್ಯ ಅಕೌಂಟ್‌ನಲ್ಲಿದ್ದರೆ ಕಂಪ್ಯೂಟರಿನ ಆಳಕ್ಕೆ ಇಳಿಯುವ ಪ್ರೋಗ್ರಾಂಗಳು ನಿಲ್ಲುತ್ತವೆ. ಅದೇ ಅಕೌಂಟಿನ ಬ್ರೌಸರ್ ಪಾಸ್‌ವರ್ಡ್ ಬಾಚೋಕೆ ಅಡ್ಮಿನ್ ಅಧಿಕಾರ ಬೇಕೇ ಬೇಕು ಅಂತಿಲ್ಲ. ಹಾಗಾಗಿ ಇದರ ನಿಜವಾದ ಲಾಭ ಇರೋದು ಜನ ಬೇರೆ ಬೇರೆ ಆದಾಗ. ಆಟ, ಚೀಟ್, ಮಾಡ್ ಅಂತ ಸಿಕ್ಕಿದ್ದೆಲ್ಲ ಇಳಿಸುವ ಮಗನಿಗೆ ಒಂದು ಸಾಮಾನ್ಯ ಅಕೌಂಟ್, ಬ್ಯಾಂಕ್ ಕೆಲಸ ಮಾಡುವ ನಿಮಗೆ ಇನ್ನೊಂದು. ಅವನ ಅಕೌಂಟಿನಲ್ಲಿ ಏನೇ ಓಡಿದರೂ ನಿಮ್ಮ ಫೋಲ್ಡರಿಗೆ ಸುಲಭದಲ್ಲಿ ಕೈ ಹಾಕೋಕೆ ಆಗಲ್ಲ. ಅಡ್ಮಿನ್ ಪಾಸ್‌ವರ್ಡ್ ಅವನಿಗೆ ಗೊತ್ತಿರಬಾರದು, ಅದು ಮುಖ್ಯ. ಖರ್ಚು ಸೊನ್ನೆ. ಕಾಟ ಅಂದರೆ ಏನಾದರೂ ಇನ್‌ಸ್ಟಾಲ್ ಮಾಡಬೇಕಾದಾಗಲೆಲ್ಲ ನಿಮ್ಮನ್ನು ಕರೆಯುತ್ತಾನೆ.

ಪಾಸ್‌ವರ್ಡ್‌ಗಳನ್ನು ಬ್ರೌಸರಿನಲ್ಲಿ ಇಡದೆ ಬಿಟ್‌ವಾರ್ಡನ್‌ನಂಥ ಬೇರೆ ಪಾಸ್‌ವರ್ಡ್ ಮ್ಯಾನೇಜರಿಗೆ ಸಾಗಿಸಿದರೆ ಬಾಚುವವನಿಗೆ ಸಿಗೋದು ಕಡಿಮೆ ಆಗುತ್ತದೆ. ಕುಕೀ ಕಳ್ಳತನ ಮಾತ್ರ ಇದರಿಂದ ನಿಲ್ಲಲ್ಲ. ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ ಕ್ವಾಡ್9ನ 9.9.9.9 ಹಾಕಿದರೆ ಗೊತ್ತಿರುವ ಕೆಟ್ಟ ಸೈಟ್‌ಗಳು ತೆರೆಯೋದೇ ಇಲ್ಲ. ರೌಟರಿನಲ್ಲೇ ಹಾಕಿದರೆ ಮನೆಯ ಫೋನ್, ಟಿವಿಗೂ ಅನ್ವಯ. ಹೊಚ್ಚಹೊಸ ಸೈಟ್ ಪಟ್ಟಿಯಲ್ಲಿ ಇರೋದಿಲ್ಲ ಅನ್ನೋದು ನೆನಪಿರಲಿ.

ವಿಂಡೋಸ್ ಬಿಟ್ಟು ಬೇರೆಯದಾದರೆ?

ಬ್ರೌಸರ್ ಬಿಟ್ಟು ಬೇರೇನೂ ಬಳಸದ ಮನೆಗೆ, ಅದರಲ್ಲೂ ವಿಂಡೋಸ್ 11 ಓಡದ ಹಳೆ ಯಂತ್ರಕ್ಕೆ, ವಿಂಡೋಸ್ ಬದಲು ಹಾಕುವ ಲಿನಕ್ಸ್ ಮಿಂಟ್ ಅಥವಾ ಕ್ರೋಮ್ ಓಎಸ್ ಫ್ಲೆಕ್ಸ್ ಒಳ್ಳೆ ದಾರಿ. ಎರಡೂ ಪುಕ್ಕಟೆ. ವಿಂಡೋಸ್‌ಗೆ ಬರೆದ ಸ್ಪೈವೇರ್ ಅಲ್ಲಿ ಸುಮ್ನೆ ಬಿದ್ದಿರುತ್ತದೆ. ನಿಮ್ಮ ಲೆಕ್ಕದ ಪ್ರೋಗ್ರಾಂ, ಹಳೆ ಪ್ರಿಂಟರ್ ಓಡುತ್ತಾ ಅಂತ ಮೊದಲು ನೋಡಿ. ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ಪರೀಕ್ಷಿಸಬಹುದು.

ಮ್ಯಾಕ್ ಇದ್ದವರು ನಿಶ್ಚಿಂತೆಯಿಂದ ಇರುತ್ತಾರೆ, ಅಷ್ಟು ನಿಶ್ಚಿಂತೆ ಒಳ್ಳೆಯದಲ್ಲ. ಒಳಗೇ ಇರುವ ಎಕ್ಸ್‌ಪ್ರೊಟೆಕ್ಟ್, ಗೇಟ್‌ಕೀಪರ್ ಅನ್ನುವ ಕಾವಲುಗಳು ಸಾಮಾನ್ಯ ಬಳಕೆಗೆ ಸಾಕು. ಆದರೆ ‘ಅಟಾಮಿಕ್ ಸ್ಟೀಲರ್’ ಅನ್ನುವ ಇನ್ಫೋಸ್ಟೀಲರ್ 2023ರಿಂದ ಮ್ಯಾಕನ್ನೇ ಗುರಿ ಮಾಡಿಕೊಂಡಿದೆ. ಸಿಸ್ಟಮ್ ಕೇಳಿದ ಹಾಗೇ ನಕಲಿ ಡಬ್ಬಿ ತೋರಿಸಿ ಪಾಸ್‌ವರ್ಡ್ ಕೇಳುತ್ತದೆ. ಸೆಟ್ಟಿಂಗ್ಸ್‌ನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಯಲ್ಲಿ ಸ್ಕ್ರೀನ್ ರೆಕಾರ್ಡಿಂಗ್, ಇನ್‌ಪುಟ್ ಮಾನಿಟರಿಂಗ್, ಆಕ್ಸೆಸಿಬಿಲಿಟಿ ಅನುಮತಿ ಯಾರ ಹತ್ತಿರ ಇದೆ ಅಂತ ಒಮ್ಮೆ ನೋಡಿ.

ನಿಮಗೆ ಯಾವುದು?

ಒಬ್ಬರೇ ಬಳಸುತ್ತೀರಿ, ಕ್ರ್ಯಾಕ್ ಸಾಫ್ಟ್‌ವೇರ್ (ದುಡ್ಡಿನ ಪ್ರೋಗ್ರಾಂನ ಬೀಗ ಮುರಿದ ಕಳ್ಳ ಪ್ರತಿ) ಮುಟ್ಟಲ್ಲ ಅಂದರೆ ಡಿಫೆಂಡರ್, ಯುಬ್ಲಾಕ್, ಸಮಯಕ್ಕೆ ಸರಿಯಾಗಿ ಅಪ್‌ಡೇಟ್. ದುಡ್ಡು ಖರ್ಚು ಮಾಡಬೇಡಿ. ಮಕ್ಕಳೂ ಅದೇ ಯಂತ್ರ ಬಳಸಿದರೆ ಇದಕ್ಕೆ ಬೇರೆ ಅಕೌಂಟ್ ಮತ್ತು ಡಿಎನ್‌ಎಸ್ ಸೇರಿಸಿ. ವಯಸ್ಸಾದವರ ಯಂತ್ರ, ನೋಡಿಕೊಳ್ಳುವ ನೀವು ದೂರ ಅಂದರೆ ದುಡ್ಡಿನ ಪ್ಯಾಕೇಜ್ ತಗೊಳ್ಳಿ, ಅಥವಾ ಅವರಿಗೆ ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿಕೊಡಿ. ನನ್ನ ಒಲವು ಎರಡನೆಯದರ ಕಡೆಗೆ. ಕ್ರ್ಯಾಕ್ ಸಾಫ್ಟ್‌ವೇರ್ ಬಿಡೋಕೆ ಆಗಲ್ಲ ಅನ್ನುವವರಿಗೆ ನನ್ನ ಹತ್ತಿರ ಯಾವ ಆಯ್ಕೆಯೂ ಇಲ್ಲ. ಅಂಥ ಫೈಲ್ ಜೊತೆ ‘ಆಂಟಿವೈರಸ್ ಆಫ್ ಮಾಡಿ’ ಅನ್ನುವ ಸೂಚನೆಯೂ ಬರುತ್ತದೆ, ಅವರು ಆಫ್ ಮಾಡುತ್ತಾರೆ.

ಕಂಪ್ಯೂಟರಿಗೆ ಕೈ ಸಿಗುವ ಪರಿಚಯದವರೇ ನಿಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಅನ್ನುವ ಅನುಮಾನ ಇದ್ದರೆ ಲೆಕ್ಕ ಬೇರೆ. ಪ್ರೋಗ್ರಾಂ ಕಿತ್ತುಹಾಕಿದರೆ ಹಾಕಿದವರಿಗೆ ಗೊತ್ತಾಗಬಹುದು. ಮೊದಲು ಬೇರೆ ಸುರಕ್ಷಿತ ಫೋನ್ ಅಥವಾ ಕಂಪ್ಯೂಟರಿನಿಂದ ಸಹಾಯ ಕೇಳಿ. ಡೆಸ್ಕ್‌ಟಾಪ್ ಆದರೆ ಕೀಬೋರ್ಡ್ ವಯರ್ ಹಿಂದೆ ಎಲ್ಲಿ ಸೇರುತ್ತದೆ ಅಂತ ನೋಡಿ. ನಡುವೆ ಪುಟ್ಟ ಯುಎಸ್‌ಬಿ ತುಂಡು ಕೂತಿದ್ದರೆ ಅದು ಕೀಲಾಗರ್ ಆಗಿರಬಹುದು, ಅದನ್ನು ಸಾಫ್ಟ್‌ವೇರ್ ನಂಬಿ ಹುಡುಕೋಕೆ ಆಗಲ್ಲ.

ಈಗಾಗಲೇ ಏನೋ ಓಡಿಬಿಟ್ಟಿದೆ ಅನ್ನಿಸಿದರೆ ಸ್ಕ್ಯಾನರ್ ಹೋಲಿಸುತ್ತ ಕೂರಬೇಡಿ. ನೆಟ್ ಕಿತ್ತುಹಾಕಿ. ಬೇರೆ ಸಾಧನದಿಂದ ಮೊದಲು ಮೇಲ್ ಪಾಸ್‌ವರ್ಡ್, ಆಮೇಲೆ ಬ್ಯಾಂಕಿನದ್ದು ಬದಲಿಸಿ. ಜೊತೆಗೆ ‘ಎಲ್ಲ ಸಾಧನಗಳಿಂದ ಲಾಗೌಟ್’ ಒತ್ತಿ. ಕದ್ದ ಕುಕೀ ಸಾಯೋದು ಸಾಮಾನ್ಯವಾಗಿ ಆಗಲೇ. ನಂತರ ಫೋಟೋ, ದಾಖಲೆಗಳನ್ನಷ್ಟೇ ತೆಗೆದಿಟ್ಟುಕೊಂಡು ವಿಂಡೋಸ್ ಹೊಸದಾಗಿ ಹಾಕಿ.

ಯಾವುದನ್ನೇ ಆರಿಸಿದರೂ ಅದು ಎಚ್ಚರ ಇದೆಯಾ ಅಂತ ನೋಡೋಕೆ ಒಂದು ನಿರಪಾಯದ ದಾರಿ ಇದೆ. ಐಕಾರ್ ಸಂಸ್ಥೆಯ ಸೈಟಿನಲ್ಲಿ 68 ಅಕ್ಷರದ ಒಂದು ಪರೀಕ್ಷಾ ಸಾಲು ಸಿಗುತ್ತದೆ. ಅದು ವೈರಸ್ ಅಲ್ಲ, ಆದರೆ ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ ಅಂತಲೇ ಹಿಡಿಯಬೇಕು ಅಂತ ಒಪ್ಪಂದ. ನೋಟ್‌ಪ್ಯಾಡಿನಲ್ಲಿ ಅದನ್ನಷ್ಟೇ ಅಂಟಿಸಿ ಸೇವ್ ಮಾಡಿ. ಸೇವ್ ಆಗುತ್ತಿದ್ದ ಹಾಗೆ ಎಚ್ಚರಿಕೆ ಬರಬೇಕು. ಬರಲಿಲ್ಲ ಅಂದರೆ ‘ವಿಂಡೋಸ್ ಸೆಕ್ಯುರಿಟಿ’ಯಲ್ಲಿ ‘ರಿಯಲ್ ಟೈಮ್ ಪ್ರೊಟೆಕ್ಷನ್’ ಆಫ್ ಆಗಿದೆಯಾ ಅಂತ ಮೊದಲು ನೋಡಿ.